ಫಲಸ್ತೀನಿನ ಕಡಲ ದಂಡೆಯಲ್ಲಿ ನನ್ನದೊಂದು ಗಾಣದ ಕಲ್ಲು

ಮಳವಳ್ಳಿ

ನನ್ನ ಹೆಸರಿನಲ್ಲಿರುವ ಆಸ್ತಿ ಮೂರು. ಹಲಗೂರಿನ ಹತ್ತಿರ ಒಂದು ತುಂಡು ಹೊಲ, ಮಳವಳ್ಳಿಯಲ್ಲಿ ಒಂದು ಹೆಂಚಿನ ಮನೆ, ಫಲಸ್ತೀನಿನ ಕಡಲ ದಂಡೆಯಲ್ಲಿ ಒಂದು ಕಲ್ಲು. ಮೊದಲೆರಡರ ಮೇಲೆ ದಾಯಾದಿಗಳ ಕಣ್ಣಿದೆ. ಮೂರನೆಯದಕ್ಕೆ ಇದುವರೆಗೆ ಯಾರೂ ಪಾಲು ಕೇಳಿಲ್ಲ. ಅದರ ಕಾಗದ ಟ್ರಂಕಿನಲ್ಲಿ ನನ್ನ ಮದುವೆಯ ಪಂಚೆಯ ಕೆಳಗೆ ಇದೆ. ನಂಬದವರು ಬಂದು ನೋಡಬಹುದು, ಕಾಪಿ ಕೊಡುತ್ತೇನೆ.

ನಾನು ಅಷ್ಟು ದೂರ ಹೋದದ್ದು ಶೌರ್ಯದಿಂದಲ್ಲ. ಜರ್ಮನಿಯ ಯುದ್ಧದ ಕಾಲದಲ್ಲಿ ನಾನು ಮಂಡ್ಯ ಮಳವಳ್ಳಿ ನಡುವೆ ಇದ್ದಿಲು ಬಸ್ಸು ಓಡಿಸುತ್ತಿದ್ದೆ. ಪೆಟ್ರೋಲು ಸಿಗದೆ, ಬಸ್ಸಿನ ಬೆನ್ನಿಗೆ ಒಲೆ ಕಟ್ಟಿ, ಇದ್ದಿಲ ಹೊಗೆಯಲ್ಲಿ ಗಾಡಿ ನಡೆಸುತ್ತಿದ್ದ ಕಾಲ ಅದು. ಏರು ಬಂದರೆ ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು. ತಳ್ಳಿದವರೆಲ್ಲ ನನ್ನನ್ನೇ ಬೈಯುತ್ತಿದ್ದರು. ಸೈನ್ಯಕ್ಕೆ ಡ್ರೈವರುಗಳು ಬೇಕಂತೆ, ಅಲ್ಲಿ ಲಾರಿಗೆ ನಿಜವಾದ ಪೆಟ್ರೋಲು ಹಾಕುತ್ತಾರಂತೆ ಎಂದು ಕೇಳಿದ ವಾರದಲ್ಲೇ ನಾನು ಹೆಸರು ಕೊಟ್ಟೆ. ಅವ್ವ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಓಗಪ್ಪ, ಅಲ್ಲಾದ್ರೂ ಜನ ಬೈಯ್ದೆ ಇರ್ಲಿ" ಎಂದಳು. ಅವಳ ಆ ಹಾರೈಕೆ ಫಲಿಸಲಿಲ್ಲ ಎಂಬುದನ್ನು ಮುಂದೆ ನೀವೇ ನೋಡುತ್ತೀರಿ.

ಶಿಬಿರ

ಹಡಗಿನ ಕತೆ ಬೇಡ. ಹಡಗಿನಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಇದನ್ನು ಊಟಕ್ಕೆ ಮುಂಚೆ ಓದುವವರೂ ಇರುತ್ತಾರೆ.

ನಮ್ಮ ಶಿಬಿರ ಫಲಸ್ತೀನಿನ ಉತ್ತರದ ತುದಿಯಲ್ಲಿ, ಕಡಲಿಗೆ ಹತ್ತಿರ ಇತ್ತು. ಅಲ್ಲಿ ನನಗೆ ಸಿಕ್ಕ ಒಬ್ಬನೇ ನಮ್ಮ ಸೀಮೆಯವನು ಅಡಿಗೆಯ ಬೋರೇಗೌಡ. ಕೊಕ್ಕರೆ ಬೆಳ್ಳೂರಿನವನು. ಬಂದ ಮೊದಲ ದಿನವೇ ಅವನು ಆಕಾಶ ತೋರಿಸಿ, "ನೋಡ್ಲಾ, ನಮ್ಮೂರ್ ಅಕ್ಕಿಗಳು" ಎಂದ. ನೂರಾರು ಬಿಳಿ ಕೊಕ್ಕರೆಗಳು ಸಾಲುಗಟ್ಟಿ ದಕ್ಷಿಣಕ್ಕೆ ಹೋಗುತ್ತಿದ್ದವು.

"ನಿಮ್ಮೂರವು ಅಂತ ಎಂಗ್ಲಾ ಗೊತ್ತು?"

"ನಮ್ಮಟ್ಟಿ ಉಣ್ಸೆಮರದಲ್ಲಿ ಮರಿ ಮಾಡಿರೋ ಅಕ್ಕಿ ನಂಗೊತ್ತಿಲ್ವೇನ್ಲಾ? ಆ ಮೂರನೇದು ನೋಡು, ಅದು ಯಾವಾಗ್ಲೂ ಅಂಗೇ ಕತ್ತು ಸೊಟ್ಟ."

ಬೋರೇಗೌಡ ಎಂಥವನು ಎಂದು ಹೇಳಲು ಇಷ್ಟು ಸಾಕು. ಸುಳ್ಳು ಹೇಳುವುದರಲ್ಲಿ ನಾನೂ ಕಡಿಮೆಯವನಲ್ಲ. ಆದರೆ ನಾನು ಹೇಳಿದ ಸುಳ್ಳು ನನಗೆ ಗೊತ್ತಿರುತ್ತದೆ, ಅವನು ತನ್ನದನ್ನು ತಾನೇ ನಂಬುತ್ತಿದ್ದ.

ಒಂದು ಶುಕ್ರವಾರ ನಮ್ಮ ಬಿಳಿ ಸಾರ್ಜೆಂಟ್ ನನ್ನನ್ನು ಕರೆದ. ಶಿಬಿರದ ರಸ್ತೆ ಕೆಸರಾಗಿದೆ, ಹತ್ತಿರದ ಅರಬ್ಬರ ಹಳ್ಳಿಯಲ್ಲಿ ಹಳೆಯ ಗೋಡೆ ಬಿದ್ದ ಕಲ್ಲು ರಾಶಿ ಇದೆ, ಕೇಳಿ ತುಂಬಿಕೊಂಡು ಬಾ ಎಂದ. ತರಕಾರಿ ತರುವ ನೆಪದಲ್ಲಿ ಬೋರೇಗೌಡನೂ ಲಾರಿ ಹತ್ತಿದ.

ಅಂಜೂರದ ಹಳ್ಳಿ

ಆ ಊರಿನ ಅಸಲು ಹೆಸರು ಬೋರೇಗೌಡನ ಬಾಯಲ್ಲಿ ಹೊರಳದೆ, ದಾರಿಯುದ್ದಕ್ಕೂ ಇದ್ದ ಅಂಜೂರದ ಗಿಡ ನೋಡಿ ನಾವು ಅಂಜೂರದ ಹಳ್ಳಿ ಎಂದೇ ಕರೆದೆವು. ಕಡಲಿಗೆ ಚಾಚಿದ ಒಂದು ದಿಬ್ಬ, ಅದರ ಮೇಲೆ ಒಂದಕ್ಕೊಂದು ಆತುಕೊಂಡ ಕಲ್ಲಿನ ಮನೆಗಳು, ಒಂದು ಮಸೀದಿ, ಕೆಳಗೆ ಬಲೆ ಒಣಹಾಕಿದ ದೋಣಿಗಳು. ಬೆಳಗ್ಗೆ ಕಡಲಿಗೆ ಹೋದವರೇ ಮಧ್ಯಾಹ್ನ ತೋಟದಲ್ಲಿ ನೀರು ಕಟ್ಟುತ್ತಾರೆ. ನಮ್ಮ ಕಡೆ ಒಬ್ಬನೇ ಮನುಷ್ಯ ಮೀನು ಹಿಡಿದು ನಾಟಿಯನ್ನೂ ಮಾಡಿದರೆ ಎರಡು ಕುಲದವರೂ ಪಂಚಾಯಿತಿ ಸೇರಿಸುತ್ತಾರೆ.

ನನ್ನನ್ನು ಮಾತ್ರ ಬೇರೊಂದು ಹಿಡಿದು ನಿಲ್ಲಿಸಿತು. ಬಾವಿಯ ಪಕ್ಕದ ಮಡಿಯಲ್ಲಿ ಕಬ್ಬು! ನಾಲೆ ನೀರು ಬಂದ ಮೇಲೆ ನಮ್ಮ ಮಂಡ್ಯದ ಸುತ್ತ ಕಣ್ಣು ಹಾಯುವಷ್ಟು ದೂರ ಕಬ್ಬು ನೋಡಿದವನು ನಾನು. ಇಲ್ಲಿ ಇದ್ದದ್ದು ಎರಡೇ ಸಾಲು, ಹಲ್ಲಲ್ಲಿ ಜಗಿಯಲು ಬೆಳೆದದ್ದು. ಆದರೂ ನಾನು ಒಂದೊಂದೇ ಜಲ್ಲೆಯನ್ನು ಎಣಿಸಿದೆ. ಬೋರೇಗೌಡ ಹೋಗಿ ಸೋಗೆ ಮುಟ್ಟಿ ಬಂದ.

ಊರ ಹಿರಿಯ ಅಬು ಸಲೀಂ ನಮ್ಮನ್ನು ಅತಿಥಿಮನೆಗೆ ಕರೆದ. ಬಿಳಿ ಮೀಸೆ, ನೆಟ್ಟನೆಯ ಬೆನ್ನು, ಮಾತು ಕಡಿಮೆ. ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದವನು ಊರ ಶಾಲೆಯ ಯೂಸುಫ್ ಮೇಷ್ಟ್ರು. ನನ್ನ ಮಿಡ್ಲ್ ಸ್ಕೂಲಿನ ಇಂಗ್ಲಿಷು, ಅವನ ಶಾಲೆಯ ಇಂಗ್ಲಿಷು ಎರಡೂ ಕುಂಟುತ್ತಿದ್ದುದರಿಂದ ಜೊತೆಯಾಗಿ ಚೆನ್ನಾಗಿಯೇ ನಡೆದವು. ಅತಿಥಿಮನೆಯ ಬಾಗಿಲ ಮುಂದೆ ಒಂದು ದೊಡ್ಡ ದುಂಡು ಕಲ್ಲು ಬಿದ್ದಿತ್ತು. ಎತ್ತಿನ ಗಾಡಿಯ ಚಕ್ರದಷ್ಟು ಅಗಲ, ಸುತ್ತ ಬೆರಳು ಹಿಡಿಯುವಷ್ಟು ಕಾಲುವೆ, ಒಂದು ಕಡೆ ರಸ ಇಳಿಯಲು ಮೂತಿ. ಅದರ ಮೇಲೊಬ್ಬ ಮುದುಕಿ ಕೂತು ಬೆಂಡೆಕಾಯಿ ದಾರಕ್ಕೆ ಪೋಣಿಸುತ್ತಿದ್ದಳು. ಅವಳು ಅಬು ಸಲೀಮನ ಹೆಂಡತಿ, ಎಲ್ಲರೂ ಉಮ್ ಸಲೀಂ, ಅಂದರೆ ಸಲೀಮನ ತಾಯಿ, ಎನ್ನುತ್ತಿದ್ದರು.

"ಪುಟ್ಸಾಮಿ, ಇದು ಗಾಣದ ಕಲ್ಲು ಕಣ್ಲಾ!" ಎಂದ ಬೋರೇಗೌಡ.

ನಾನೂ ಹಾಗೇ ಅಂದುಕೊಂಡೆ. ಅದು ಕಬ್ಬಿನದೋ, ಅಲ್ಲಿನವರು ಎಣ್ಣೆ ತೆಗೆಯುವ ಆಲಿವ್ ಕಾಯಿಯದೋ ಎಂದು ಇಂದಿಗೂ ನನಗೆ ಖಾತ್ರಿಯಿಲ್ಲ. ಆದರೆ ಒಂದು ಕಾಲದಲ್ಲಿ ಈ ದಂಡೆಯಲ್ಲೆಲ್ಲ ಕಬ್ಬು ಬೆಳೆದು ಸಕ್ಕರೆ ಕಾಯಿಸುತ್ತಿದ್ದರಂತೆ, ದೊರೆಗಳು ಬಂದರು ಹೋದರು, ಸಕ್ಕರೆಯೂ ಹೋಯಿತು, ನಾವು ಉಳಿದೆವು ಎಂದು ಮೇಷ್ಟ್ರು ಹೇಳಿದಾಗ, ಕಬ್ಬಿನ ಸೀಮೆಯ ನಮ್ಮಿಬ್ಬರ ಎದೆಯೂ ಒಂದಿಷ್ಟು ಉಬ್ಬಿತು.

ಕುಡಿಯದ ಕಾಫಿ

ಕುಂಕುಮದ ಭರಣಿಯಷ್ಟು ಚಿಕ್ಕ ಬಟ್ಟಲಲ್ಲಿ ಕಾಫಿ ಬಂತು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಘಮ.

ಈಗ ನಮ್ಮ ಕಡೆಯ ಮರ್ಯಾದೆ ನಿಮಗೆ ಗೊತ್ತಲ್ಲ. ಕೊಟ್ಟದ್ದನ್ನು ಒಂದೇ ಸಲಕ್ಕೆ ಬಾಯಿಗಿಟ್ಟರೆ ಉಪವಾಸ ಬಿದ್ದು ಬಂದಿದ್ದಾನೆ ಅನ್ನುತ್ತಾರೆ. ಮೊದಲ ಸಲ "ಬ್ಯಾಡಿ, ಈಗ್ತಾನೆ ಕುಡ್ಕೊಂಡ್ ಬಂದೆ" ಅನ್ನಬೇಕು. ಎರಡನೆಯ ಸಲ "ಅಯ್ಯೋ, ಯಾಕ್ ಸುಮ್ನೆ" ಎಂದು ಲೋಟ ಕೆಳಗಿಡಬೇಕು. ಮೂರನೆಯ ಸಲ ಮನೆಯವರು ಆಣೆ ಹಾಕಿ ಕೈಗೆ ತುರುಕಿದ ಮೇಲೆ, ಅವರಿಗಾಗಿ ಎಂಬಂತೆ ಕುಡಿಯಬೇಕು. ಎಷ್ಟೇ ಬಾಯಾರಿರಲಿ, ಈ ಮೂರು ಮೆಟ್ಟಿಲು ಹತ್ತಲೇಬೇಕು.

ನಾನು ಕೈಯಾಡಿಸಿ ಬೇಡವೆಂದೆ. ಬಟ್ಟಲನ್ನು ಮರ್ಯಾದೆಯಾಗಿ ನೆಲಕ್ಕಿಟ್ಟೆ. ಇನ್ನು ಒತ್ತಾಯ ಬರುತ್ತದೆ ಎಂದು ಕಾದೆ.

ಒತ್ತಾಯ ಬರಲಿಲ್ಲ. ಗೋಡೆಗೊರಗಿದ್ದ ಹಿರಿಯರು ನೆಟ್ಟಗೆ ಕೂತರು. ಅಬು ಸಲೀಂ ತನ್ನ ಬಟ್ಟಲನ್ನೂ ಕೆಳಗಿಟ್ಟ. ನಾನು ಬೋರೇಗೌಡನ ಮುಖ ನೋಡಿದೆ. ಅವನೂ ನನ್ನನ್ನು ನೋಡಿಯೇ ಬಟ್ಟಲು ಕೆಳಗಿಟ್ಟಿದ್ದ.

ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಂದು ಹೇಳಿದ: "ನಮ್ಮಲ್ಲಿ ಅತಿಥಿ ಕಾಫಿ ಕುಡಿಯದೆ ಕೆಳಗಿಟ್ಟರೆ, ದೊಡ್ಡದೇನನ್ನೋ ಕೇಳಲು ಬಂದಿದ್ದಾನೆ ಎಂದರ್ಥ. ಕೇಳಿದ್ದು ಕೊಡುತ್ತೇವೆ ಅನ್ನುವವರೆಗೆ ಅವನು ಕುಡಿಯುವುದಿಲ್ಲ. ಹೆಣ್ಣು ಕೇಳುವಾಗ, ಕೊಲೆಯ ಹಗೆ ಮುಗಿಸುವಾಗ ಹೀಗೆ ಮಾಡುತ್ತೇವೆ. ಕೇಳು, ಏನು ಬೇಕು?"

"ಏನೂ ಬೇಡ" ಎಂದೆ.

"ಏನೂ ಬೇಡ ಎಂದರೆ ನಾವು ಕೊಡಲಾರದವರು ಎಂದಾಗುತ್ತದೆ. ದಯವಿಟ್ಟು ಏನಾದರೂ ಕೇಳು."

ಬೋರೇಗೌಡ ಬೆವರುತ್ತಿದ್ದ. "ಎಣ್ಣು ಮಾತ್ರ ಕೇಳ್ಬ್ಯಾಡ ಕಣ್ಲಾ. ನಂಗೆ ಊರಲ್ಲಿ ಒಬ್ಳವ್ಳೆ."

ಆಗ ನನಗೆ ನಮ್ಮೂರ ಉಪಾಯವೊಂದು ಹೊಳೆಯಿತು. ಯಾರಾದರೂ "ಏನ್ ಬೇಕೋ ಕೇಳಪ್ಪ" ಅಂದರೆ, ಕೊಡಲಾಗದ್ದನ್ನೇ ಕೇಳುವುದು. "ನಿಮ್ಮ ಮನೆ ತೊಲೆ ಕೊಡಿ" ಅನ್ನುವುದು. ಎಲ್ಲರೂ ನಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ನಾನು ಹಲ್ಲು ಕಿರಿದು ಬಾಗಿಲ ಕಡೆ ಕೈ ತೋರಿಸಿದೆ: "ಹಾಗಾದರೆ ಆ ಗಾಣದ ಕಲ್ಲು ಕೊಡಿ."

ಒಬ್ಬನೂ ನಗಲಿಲ್ಲ. ಅಬು ಸಲೀಂ ಕಣ್ಣು ಮುಚ್ಚಿ, ತೆರೆದು, ಶಾಂತವಾಗಿ ಹೇಳಿದ: "ಅದು ನಿನ್ನದು. ಕುಡಿ."

ಕುಡಿದೆ. ಬಿಸಿ ಆರಿ ಅದು ಕಷಾಯದಂತಿತ್ತು.

ಉಮ್ ಸಲೀಂ

ಸುದ್ದಿ ಹೊರಗೆ ನನಗಿಂತ ಮೊದಲು ತಲುಪಿತ್ತು. ಉಮ್ ಸಲೀಂ ಕಲ್ಲಿನಿಂದ ಎದ್ದಿರಲಿಲ್ಲ. ಅವಳು ಹೇಳಿದ್ದನ್ನು ಮೇಷ್ಟ್ರು ಇಂಗ್ಲಿಷಿನಲ್ಲಿ ನಾಲ್ಕೇ ಮಾತಿನಲ್ಲಿ ಮುಗಿಸಿದ. ಆದರೆ ಅವಳ ಕೈ, ಹುಬ್ಬು, ಗಂಟಲು ನೋಡಿದರೆ ಅದು ಅಪ್ಪಟ ಹಲಗೂರಿನ ಮಾತು. ಹಾಗೇ ಬರೆಯುತ್ತೇನೆ.

"ಲೇ, ಯಾವೂರ್ನೋನ್ಲಾ ನೀನು? ನಾನು ಮದ್ವೆಯಾಗಿ ಬಂದ ದಿನ ನನ್ನ ಕುಂಡ್ರಿಸಿ ಕೈಗೆ ಗೋರಂಟಿ ಆಕಿದ್ದು ಇದ್ರ ಮ್ಯಾಲೆ. ನನ್ನ ಮಗ ನಿಂತ್ಕಳಾದು ಕಲ್ತಿದ್ದು ಇದ್ನ ಇಡ್ಕೊಂಡು. ದ್ವಾಣಿ ಬರಾದು ಇಲ್ಲಿಂದ್ಲೇ ಕಾಣಾದು. ನೀನು ಒತ್ಕೊಂಡು ಓದ್ರೆ ಸಂಜೆಗೆ ನಾನೆಲ್ಲಿ ಕೂತ್ಕಳ್ಳಿ? ನಿನ್ ತಲೆ ಮ್ಯಾಲಾ?"

ಅವ್ವನ ಹಾರೈಕೆ ನೆನಪಾಯಿತು.

ನಾನು ಅಬು ಸಲೀಮನ ಕಡೆ ತಿರುಗಿ, ತಮಾಷೆಗೆ ಕೇಳಿದ್ದು, ಕಲ್ಲು ಬೇಡ ಎಂದೆ. ಅವನ ಮುಖ ಬಿಗಿಯಿತು. ಕೊಟ್ಟದ್ದನ್ನು ಹಿಂದಕ್ಕೆ ಕೊಟ್ಟರೆ ಕಾಫಿ ಕುಡಿಯದೆ ಹೋದದ್ದಕ್ಕಿಂತ ಕೆಟ್ಟದ್ದು ಎಂದು ಮೇಷ್ಟ್ರು ತಡೆದ. ಬೇಡ ಅಂದರೆ ಗಂಡನಿಗೆ ಅವಮಾನ, ಬೇಕು ಅಂದರೆ ಹೆಂಡತಿಗೆ ಅನ್ಯಾಯ. ರಾಶಿಯ ಚೂರು ಕಲ್ಲುಗಳನ್ನು ಲಾರಿಗೆ ತುಂಬಿಕೊಂಡು, ನನ್ನ ಕಲ್ಲನ್ನು ಅಲ್ಲೇ ಬಿಟ್ಟು, ಕಳ್ಳನಂತೆ ಹೊರಟೆ.

ಕತೆ ಇಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಬೋರೇಗೌಡ ಸಾರ್ಜೆಂಟನಿಗೆ ಊಟ ಬಡಿಸುವಾಗ, ಪುಟ್ಟಸ್ವಾಮಿಗೆ ಗಾಡಿ ಚಕ್ರದಷ್ಟು ದೊಡ್ಡ ಕಲ್ಲು ಸಿಕ್ಕಿದೆ ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿಬಿಟ್ಟ. ಸಾರ್ಜೆಂಟ್ ಸಂತೋಷಪಟ್ಟ. ಸೋಮವಾರ ಸುತ್ತಿಗೆಯವರನ್ನು ಕರೆದುಕೊಂಡು ಹೋಗಿ ಒಡೆಸಿ ತಾ, ಅರ್ಧ ರಸ್ತೆ ಮುಗಿಯುತ್ತದೆ ಎಂದ.

"ಬಾಯ್ಗೆ ಬೀಗ ಆಕ್ಕಳ್ಲಾ" ಎಂದು ನಾನು ಬೋರೇಗೌಡನಿಗೆ ಬೈದೆ. "ಗಾಣದ ಕಲ್ಲು ಒಡುದ್ರೆ ನಮ್ಮ್ ಮನೆ ಉದ್ಧಾರ ಆಯ್ತದೇನ್ಲಾ?"

ಅವನು ತಟ್ಟೆಗಳನ್ನೆಲ್ಲ ತೊಳೆದು ಕವುಚಿಹಾಕಿದ. ಆಮೇಲೆ ತಲೆಯೆತ್ತಿ, "ನಾಳಿದ್ದು ಭಾನ್ವಾರ. ಓಗಿ ಆ ಅಜ್ಜಿ ಕಾಲ್ಗೆ ಬೀಳಾನ ಬುಡು" ಎಂದ.

ಭಾನುವಾರ

ಕಾಲಿಗೆ ಬೀಳಲು ಉಮ್ ಸಲೀಂ ಬಿಡಲಿಲ್ಲ. ನಾವು ಸೋಮವಾರದ ಸಂಗತಿ ಹೇಳಿದಾಗ ಅವಳು ಕಲ್ಲನ್ನು ಒಮ್ಮೆ ಅಂಗೈಯಿಂದ ಸವರಿ, ಅದರ ಮೇಲಿಂದ ಎದ್ದು ನಿಂತಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಹಾಗೆ ಎದ್ದದ್ದನ್ನು ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ನಮ್ಮ ಸೀಮೆಯಲ್ಲಿ ಗಾಣದ ಕಲ್ಲೆಂದರೆ ದೇವರ ಸಮಾನ, ಅದಕ್ಕೆ ಒಡೆಯನಾದವನು ಮೊದಲು ಬೆಲ್ಲ ಮಾಡಿ ಊರಿಗೆಲ್ಲ ಹಂಚಬೇಕು, ಅದಾದ ಮೇಲೆ ಆ ಕಲ್ಲನ್ನು ಯಾರೂ ಕದಲಿಸುವಂತಿಲ್ಲ ಎಂದೆ. ಆಲೆಮನೆಗೆ ಬಂದವರಿಗೆ ಬೆಲ್ಲ ಕೊಡದೆ ಕಳಿಸಬಾರದು ಎಂಬುದಷ್ಟೇ ಇದರಲ್ಲಿ ನಿಜ. ಉಳಿದದ್ದು ಆಗತಾನೆ ಹುಟ್ಟಿದ್ದು.

"ಇದು ಎಣ್ಣೆ ಕಲ್ಲು ಕಣ್ಲಾ" ಎಂದಳು ಉಮ್ ಸಲೀಂ. "ಬೆಲ್ಲವಂತೆ ಬೆಲ್ಲ! ಎಲ್ಲಿ, ಮಾಡಿ ತೋರ್ಸು."

ಊರೇ ಸೇರಿತು. ತೋಟದ ಕಬ್ಬೆಲ್ಲ ಬಂತು. ದೋಣಿ ಕಟ್ಟುವವರು ಮರದ ಕೊಡತಿ ತಂದರು. ಕಲ್ಲು ತೊಳೆದು, ಕಬ್ಬು ತುಂಡರಿಸಿ, ಅದರ ಮೇಲಿಟ್ಟು ಜಜ್ಜತೊಡಗಿದೆವು. ಬೋರೇಗೌಡ ಒಲೆಯ ಮುಂದೆ ನಿಂತು ಯಜಮಾನಿಕೆ ನಡೆಸಿದ. ಕುದಿಯುವ ರಸದ ಕೊಳೆ ತೆಗೆಯಲು ಬೆಂಡೆ ಗಿಡ ಬೇಕು ಎಂದಾಗ ಅಡಿಗೆಗೆಂದು ಕಾಯಿ ತಂದರು. ಕಾಯಲ್ಲ, ಗಿಡ ಎಂದು ಅವನು ಹಿತ್ತಲಿಗೆ ಹೋಗಿ ಬೇರುಸಹಿತ ಕಿತ್ತು ತಂದಾಗ ಹೆಂಗಸರು ಕೂಗಿಕೊಂಡರು.

ಮೊದಲು ರಸ ಕಲ್ಲಿನ ಮೇಲೆ ಹರಡಿತು. ಆಮೇಲೆ ಸುತ್ತಲ ಕಾಲುವೆಗೆ ಇಳಿಯಿತು. ಮೆಲ್ಲಗೆ ಸುತ್ತು ಬಂದು ಮೂತಿಯ ತುದಿಯಲ್ಲಿ ಕ್ಷಣ ನಿಂತು, ಕೆಳಗಿನ ಮಡಕೆಗೆ ಎಳೆಯಾಗಿ ಬಿತ್ತು. ಕೊಡತಿಗಳು ತಾವಾಗಿಯೇ ನಿಂತವು. ಎಷ್ಟು ತಲೆಮಾರಿನಿಂದ ಆ ಕಾಲುವೆ ಒಣಗಿತ್ತೋ! ಉಮ್ ಸಲೀಂ ಬೆರಳು ಅದ್ದಿ ನೆಕ್ಕಿದಳು. ಪಕ್ಕದವನ ಕೈಯಿಂದ ಕೊಡತಿ ಕಿತ್ತುಕೊಂಡು ತಾನೇ ಜಜ್ಜತೊಡಗಿದಳು.

ಬೆಲ್ಲದ ಕತೆ ಕೇಳಬೇಡಿ. ಕಬ್ಬು ಇನ್ನೂ ಎಳೆಯದು, ಪಾಕ ಎಷ್ಟು ಕಾಯಿಸಿದರೂ ಗಟ್ಟಿಯಾಗಲಿಲ್ಲ. ಬೋರೇಗೌಡ ಅಚ್ಚಿಗೆಂದು ತಂದಿಟ್ಟ ಬಟ್ಟಲುಗಳಲ್ಲಿ ಜೋನಿಯಾಗಿ ನಿಂತಿತು. ಮಂಡ್ಯದ ಮಾನ ಕಡಲ ಪಾಲಾಯಿತು ಎಂದುಕೊಂಡೆವು. ಊರವರು ರೊಟ್ಟಿ ಅದ್ದಿ ತಿಂದು, ನಮ್ಮ ದ್ರಾಕ್ಷಿಯ ಪಾಕವೂ ಹೀಗೇ ಇರುತ್ತದೆ, ಅದು ಇನ್ನೂ ರುಚಿ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಹೇಳುತ್ತಲೇ ಬಟ್ಟಲನ್ನು ಬೆರಳಲ್ಲಿ ಬಳಿದರು.

ಕೈ ತೊಳೆದ ಮೇಲೆ ಅಬು ಸಲೀಂ ಕೇಳಿದ: "ಬೆಲ್ಲ ಮಾಡಿದ ಮೇಲೆ ಕಲ್ಲು ಕದಲಿಸಬಾರದು ಎಂಬುದು ನಿಜವಾಗಿಯೂ ನಿಮ್ಮ ಪದ್ಧತಿಯೇ?"

"ಇವತ್ತಿನಿಂದ" ಎಂದೆ.

ಅವನ ಮೀಸೆ ಅಲುಗಿದ್ದನ್ನು ಆಗ ಮೊದಲ ಸಲ ನೋಡಿದೆ. ಸಾರ್ಜೆಂಟನ ಮುಂದೆ ಈ ಪದ್ಧತಿ ನಡೆಯುವುದಿಲ್ಲ, ಕಾಗದ ಬೇಕು ಎಂದ. ಮೇಷ್ಟ್ರು ಶಾಲೆಯ ಹಾಳೆಯಲ್ಲಿ ಎರಡು ಭಾಷೆಯಲ್ಲಿ ಬರೆದ: ಅತಿಥಿಮನೆಯ ಬಾಗಿಲ ಕಲ್ಲು ಮಳವಳ್ಳಿಯ ಪುಟ್ಟಸ್ವಾಮಿಗೆ ಸೇರಿದ್ದು. ಅಬು ಸಲೀಂ ಹೆಬ್ಬೆಟ್ಟು ಒತ್ತಿದ. ನಾನು ಕನ್ನಡದಲ್ಲಿ ರುಜು ಹಾಕುವಾಗ ಉಮ್ ಸಲೀಂ ನನ್ನ ಕೈ ಹಿಡಿದಳು. "ಇನ್ನೊಂದ್ ಸಾಲು ಬರೀರಿ. ಕಲ್ಲು ಇವನ್ದು. ಅದ್ರ ಮ್ಯಾಲೆ ಕೂರಾ ಅಕ್ಕು ನಂದು. ನಾನು ಇರಾಗಂಟ ಇವ್ನು ನನ್ನ ಏಳು ಅನ್ನಂಗಿಲ್ಲ."

ಅದನ್ನೂ ಬರೆದರು.

ಸೋಮವಾರ

ಸಾರ್ಜೆಂಟ್ ಕಾಗದವನ್ನು ಮೂರು ಸಲ ಓದಿದ. ಅದು ಸಿಪಾಯಿಯ ಸ್ವಂತ ಸ್ವತ್ತು ಸಾರ್, ಸರ್ಕಾರಕ್ಕೆ ಬೇಕಾದರೆ ಅರ್ಜಿ ಹಾಕಬಹುದು, ಆದರೆ ನಾನು ಒಪ್ಪುವುದಿಲ್ಲ ಎಂದೆ. ಅವನ ಮುಖ ಬೀಟ್‌ರೂಟಿನಂತಾಯಿತು. ಕಾಗದವೆಂದರೆ ಆ ಜನಕ್ಕೆ ಭಯ. ಹರಿಯಲೂ ಇಲ್ಲ, ಒಪ್ಪಲೂ ಇಲ್ಲ. ನನ್ನನ್ನು ಎರಡು ವಾರ ಈರುಳ್ಳಿ ಸುಲಿಯಲು ಹಾಕಿದ. ಬೋರೇಗೌಡ ಎದುರಿಗೆ ಕೂತು ಕಣ್ಣೊರೆಸಿಕೊಳ್ಳುತ್ತಾ, "ನಿನ್ ಕಷ್ಟ ನೋಡಕ್ಕಾಗಲ್ಲ ಕಣ್ಲಾ" ಎನ್ನುತ್ತಿದ್ದ. ಅದು ಈರುಳ್ಳಿಯ ಘಾಟು ಎಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಬಿಡುವಾದಾಗಲೆಲ್ಲ ಆ ಊರಿಗೆ ಹೋಗುತ್ತಿದ್ದೆ. ಕಲ್ಲಿನ ಮಾಲೀಕ ನಿಂತಿರುತ್ತಿದ್ದೆ, ಉಮ್ ಸಲೀಂ ಕೂತಿರುತ್ತಿದ್ದಳು. ಕಾಫಿ ಬಂದರೆ ಬಟ್ಟಲು ನೆಲ ಮುಟ್ಟುವ ಮೊದಲೇ ಕುಡಿದುಬಿಡುತ್ತಿದ್ದೆ.

ಮತ್ತೆ ಮಳವಳ್ಳಿ

ಯುದ್ಧ ಮುಗಿದು ಊರಿಗೆ ಬಂದೆ, ಮದುವೆಯಾದೆ, ಮತ್ತೆ ಬಸ್ಸು ಹತ್ತಿದೆ. ನಮಗೆ ಸ್ವಾತಂತ್ರ್ಯ ಬಂತು. ಆ ವರ್ಷ ಯೂಸುಫ್ ಮೇಷ್ಟ್ರಿಂದ ಬಂದ ಕಾಗದದಲ್ಲಿ ಅಂಜೂರ ಚೆನ್ನಾಗಿ ಬಿಟ್ಟಿದೆ, ಊರಲ್ಲಿ ಭಯವಿದೆ ಎಂದು ಎರಡು ಮಾತಿತ್ತು. ಮುಂದಿನ ಕಾಗದ ಬರಲು ಬಹಳ ಕಾಲ ಹಿಡಿಯಿತು. ಅದು ಬಂದದ್ದು ಲೆಬನಾನಿನ ಒಂದು ಡೇರೆ ಶಿಬಿರದಿಂದ.

ಇಂಗ್ಲಿಷರು ಹೊರಡುವ ಹೊತ್ತಿಗೆ ಅಲ್ಲಿ ಯಹೂದಿಗಳಿಗೂ ಅರಬ್ಬರಿಗೂ ಯುದ್ಧವಾಯಿತಂತೆ. ಒಂದು ಬೆಳಗ್ಗೆ ಊರು ಬಿಟ್ಟರಂತೆ, ಕೆಲವರು ನಡೆದು, ಕೆಲವರು ದೋಣಿಯಲ್ಲಿ. ನಾಲ್ಕು ದಿನಕ್ಕೆಂದು ಹೋದವರನ್ನು ಹಿಂದಕ್ಕೆ ಬರಗೊಡಲಿಲ್ಲ. ಮನೆಗಳನ್ನು ಕೆಡವಿದ್ದಾರೆ ಎಂದು ಕೇಳಿದ್ದಾರೆ, ಕಂಡವರಿಲ್ಲ. ಅಬು ಸಲೀಂ ಶಿಬಿರದಲ್ಲೇ ತೀರಿಕೊಂಡ. ಮೇಷ್ಟ್ರ ಇಂಗ್ಲಿಷು ಕುಂಟುವುದನ್ನು ನಿಲ್ಲಿಸಿತ್ತು, ಆ ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ. ಕೊನೆಗೆ ಹೀಗಿತ್ತು: "ಎಲ್ಲರ ಮನೆ, ತೋಟ, ದೋಣಿ ಹೋಯಿತು. ಆ ಊರಿನಲ್ಲಿ ಆಸ್ತಿಯುಳ್ಳವರಲ್ಲಿ ಈಗ ತನ್ನ ಮನೆಯಲ್ಲಿ ಮಲಗುವವನು ನೀನೊಬ್ಬನೇ. ಉಮ್ ಸಲೀಂ ನಿನ್ನನ್ನು ಕೇಳಲು ಹೇಳಿದ್ದಾಳೆ. ಕಾಗದದಲ್ಲಿ ಹಕ್ಕು ಬರೆದಿದೆಯಲ್ಲ. ಸಂಜೆಗೆ ಅವಳೆಲ್ಲಿ ಕೂತುಕೊಳ್ಳಬೇಕು?"

ನನ್ನ ಬಾಯಲ್ಲಿ ಸುಳ್ಳಿಗೆ ಎಂದೂ ಬರ ಬಂದಿರಲಿಲ್ಲ. ಆ ದಿನ ಒಂದೂ ಹುಟ್ಟಲಿಲ್ಲ. ಅವಳು ಕೇಳಿದ್ದಕ್ಕೆ ನಾನು ಅತ್ತುಬಿಟ್ಟೆ.

ಬೋರೇಗೌಡನಿಗೆ ಹೇಳಿ ಕಳಿಸಿದೆ. ಅವನು ಬಂದು ಕಾಗದ ಓದಿಸಿಕೊಂಡು ಜಗುಲಿಯ ಕಂಬಕ್ಕೆ ಒರಗಿ ಕೂತ. ನನ್ನ ಹೆಂಡತಿ ನಿಂಗಮ್ಮ ಇಬ್ಬರಿಗೂ ಕಾಫಿ ತಂದಳು. ನಾನು ಲೋಟ ಕೆಳಗಿಟ್ಟೆ. ಬೋರೇಗೌಡನೂ ಇಟ್ಟ.

"ಕುಡೀರಿ" ಎಂದಳು ಅವಳು. ನಾನು ಬೇಡವೆಂದೆ. "ಕುಡೀರಿ, ಆರೋಯ್ತದೆ" ಎಂದಳು ಎರಡನೆಯ ಸಲ. ಮೂರನೆಯ ಸಲ ನನ್ನಾಣೆ ಎಂದು ಲೋಟವನ್ನು ಕೈಗೆ ತುರುಕಲು ಬಂದಳು. ನಾನು ತೆಗೆದುಕೊಳ್ಳಲಿಲ್ಲ. ಅವಳಿಗೆ ಗಾಬರಿಯಾಯಿತು.

"ಏನಾಗ್ಬೇಕಾಗಿತ್ತು ನಿಮ್ಗೆ? ಬಾಯ್ಬುಟ್ಟು ಏಳಿ ಮತ್ತೆ."

ಏನು ಬೇಕೆಂದು ನನಗೆ ಗೊತ್ತಿತ್ತು. ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ. ಕಾಫಿ ಇಬ್ಬರ ಮುಂದೆಯೂ ಹಾಗೇ ಆರಿತು.